ಎಂಟು ಕೋರಿನ ಬೀಗಿತ್ತಿ

ಸ್ಟುಡಿಯೋ ಅಜ್ಜಿಯ ಹಳೆಯ ಕಂಪ್ಯೂಟರು ಕಣ್ಣು ಮುಚ್ಚಿದ್ದು ಒಂದು ಸೋಮವಾರ ಬೆಳಿಗ್ಗೆ, ಯಾರದೋ ಮದುವೆಯ ಟೇಪು ಅರ್ಧ ಓಡಿದ್ದಾಗ. ಫೋಟೋ ಸ್ಟುಡಿಯೋದಲ್ಲಿ ಮೂವತ್ತು ವರ್ಷ ಚಿತ್ರ ತಿದ್ದಿದ ಕೈ ಅವಳದು. ಸ್ಟುಡಿಯೋ ಮುಚ್ಚಿದ ಮೇಲೆ ಮನೆಯ ಪಡಸಾಲೆಯ ಒಂದು ಮೂಲೆಯಲ್ಲಿ ಮೇಜು ಹಾಕಿಕೊಂಡು, ಜನ ತಂದುಕೊಡುವ ಹಳೆಯ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ, ಮಸುಕು ತೆಗೆದು, ಬಣ್ಣ ಸರಿಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುತ್ತಿದ್ದಳು. ಬೂಷ್ಟು ಹಿಡಿದ ಟೇಪಿನಿಂದ ಸತ್ತವರ ನಗುಮುಖವನ್ನು ಎಬ್ಬಿಸಿ ಕೊಡುತ್ತಾಳೆ ಎಂದು ಊರಿನಲ್ಲಿ ಹೆಸರಿತ್ತು.

ಹೊಸ ಕಂಪ್ಯೂಟರು ಬೇಕೇ ಬೇಕಾಯಿತು. ಮಗ ಒಪ್ಪಿದ. ಯಾವುದು ಎಂದು ನೋಡುವ ಕೆಲಸವನ್ನು ತನ್ನ ಮಗಳು ಚುಕ್ಕಿಗೆ ವಹಿಸಿದ. ಹದಿಮೂರು ವರ್ಷದ ಚುಕ್ಕಿ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಎಡಕ್ಕೊಂದು ಪ್ರೊಸೆಸರು, ಬಲಕ್ಕೊಂದು ಪ್ರೊಸೆಸರು ಬರೆದುಕೊಂಡಳು. ಎಡದ್ದಕ್ಕೆ ಎಂಟು ಕೋರು, ಅಂದರೆ ಲೆಕ್ಕ ಮಾಡುವ ಎಂಟು ತಲೆ. ಆಟಕ್ಕೆ ಅದರಷ್ಟು ಚುರುಕಾದದ್ದಿಲ್ಲ. ಬಲದ್ದಕ್ಕೆ ಹದಿನಾರು ಕೋರು. ಹದಿನಾರು ಆಳು ಒಟ್ಟಿಗೆ ಗದ್ದೆಗಿಳಿದ ಹಾಗೆ, ದೊಡ್ಡ ಕೆಲಸವನ್ನು ಹಂಚಿಕೊಂಡು ಮುಗಿಸುತ್ತದೆ.

ಇದನ್ನೆಲ್ಲ ಅವಳು ವಿವರಿಸಿದ್ದು ಪಡಸಾಲೆಯಲ್ಲಿ ಕೂತಿದ್ದ ಅಜ್ಜಿಗಲ್ಲ, ಫೋನಿನಲ್ಲಿದ್ದ ಇನ್ನೊಬ್ಬ ಅಜ್ಜಿಗೆ. ಸ್ಟುಡಿಯೋ ಅಜ್ಜಿಗೆ ಚುಚ್ಚಿದ್ದು ಅದೇ.

ಇನ್ನೊಬ್ಬ ಅಜ್ಜಿಯೆಂದರೆ ಸೊಸೆಯ ತಾಯಿ, ಬೀಗಿತ್ತಿ. ಗೋದಾಮಿನಲ್ಲಿ ಕ್ರೇನು ನಡೆಸುತ್ತಿದ್ದ ಹೆಂಗಸು. ಹೋದ ವರ್ಷ ನಿವೃತ್ತಿಯಾಗಿ ಎರಡು ಬೀದಿ ಆಚೆ ಮನೆ ಮಾಡಿದಳು. ಹೊತ್ತು ಹೋಗದೆ ಹಳೆಯದೊಂದು ಕಂಪ್ಯೂಟರಿನಲ್ಲಿ ಕಾರ್ ರೇಸಿನ ಆಟ ಕಲಿತಳು. ಟನ್ನುಗಟ್ಟಲೆ ಕಬ್ಬಿಣವನ್ನು ಕೂದಲೆಳೆಯ ಅಂತರದಲ್ಲಿ ಇಳಿಸಿದ ಕೈಗೆ ಕಾರು ಯಾವ ಲೆಕ್ಕ? ಆರು ತಿಂಗಳಲ್ಲಿ ಅಜ್ಜಿ ಮೊಮ್ಮಗಳು ಒಂದು ತಂಡ ಕಟ್ಟಿಕೊಂಡು, ಅವರವರ ಮನೆಯಿಂದಲೇ ಇಂಟರ್ನೆಟ್ಟಿನ ಮೇಲೆ ಊರೂರಿನವರ ಜೊತೆ ಪಂದ್ಯಕ್ಕೆ ಬೀಳತೊಡಗಿದರು.

ಅದಕ್ಕೆ ಮೊದಲು ಆ ಸಂಜೆಗಳು ಸ್ಟುಡಿಯೋ ಅಜ್ಜಿಯವಾಗಿದ್ದವು. ಶಾಲೆಯಿಂದ ಬಂದವಳೇ ಚುಕ್ಕಿ ಅವಳ ಪಕ್ಕ ಸ್ಟೂಲು ಎಳೆದುಕೊಂಡು ಕೂರುತ್ತಿದ್ದಳು. ಟೇಪಿನಲ್ಲಿ ಕಂಡ ಅಪರಿಚಿತರಿಗೆಲ್ಲ ಇಬ್ಬರೂ ಸೇರಿ ಕತೆ ಕಟ್ಟುತ್ತಿದ್ದರು. ಈಗ ಐದೂವರೆ ಹೊಡೆಯಿತೆಂದರೆ, "ಅಜ್ಜಿ, ಸ್ವಲ್ಪ ಎದ್ದೇಳ್ತೀಯಾ? ರೇಸಿದೆ." ಹಿತ್ತಲ ಗಿಡ ಮದ್ದಲ್ಲ ಎನ್ನುವುದನ್ನು ಅವಳು ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದಳು. ತಾನೇ ಹಿತ್ತಲ ಗಿಡವಾದಾಗ ಹೇಗಿರುತ್ತದೆಂದು ಈಗ ಗೊತ್ತಾಯಿತು.

ಶನಿವಾರ ಎಲ್ಲರೂ ಕಂಪ್ಯೂಟರಿನ ಅಂಗಡಿಗೆ ಹೋದರು. ಚುಕ್ಕಿ ಕರೆದಳೆಂದು ಬೀಗಿತ್ತಿಯೂ ಬಂದಳು. ಅಂಗಡಿಯವನು ಎರಡೂ ಪ್ರೊಸೆಸರಿನ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, "ನೀವೇ ಓಡಿಸಿ ನೋಡಿಬಿಡಿ. ನಾನು ಹೇಳಿದ್ರೆ ವ್ಯಾಪಾರದ ಮಾತಾಗತ್ತೆ," ಎಂದ.

ಸ್ಟುಡಿಯೋ ಅಜ್ಜಿ ತಂದಿದ್ದ ಒಂದೇ ಟೇಪಿನ ಫೈಲನ್ನು ಎರಡಕ್ಕೂ ಹಾಕಿದರು. ಹದಿನಾರು ಕೋರಿನದು ಇಪ್ಪತ್ತೆರಡು ನಿಮಿಷಕ್ಕೆ ಮುಗಿಸಿತು. ಎಂಟರದು ಮೂವತ್ತೆಂಟು ತೆಗೆದುಕೊಂಡಿತು. ದೊಡ್ಡ ಗೆಲುವೇ. ಆದರೆ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಇರುವೆಯ ಹಾಗೆ ತೆವಳುವುದನ್ನು ಯಾರು ನಿಂತು ನೋಡುತ್ತಾರೆ? ಮಗ ಫೋನು ತೆಗೆದ. ಚುಕ್ಕಿ ಕೀಬೋರ್ಡುಗಳ ಕಡೆ ಹೋದಳು.

ಆಮೇಲೆ ಬೀಗಿತ್ತಿ ಆಟಕ್ಕೆ ಕೂತಳು. ಕಾರು ಮೊದಲ ತಿರುವು ದಾಟುವಷ್ಟರಲ್ಲಿ ಹಿಂದೆ ನಾಲ್ಕು ಜನ ನಿಂತಿದ್ದರು. ಮೂರನೇ ಸುತ್ತಿಗೆ ಅಂಗಡಿಯ ಅರ್ಧ ಜನ. ಎಂಟು ಕೋರಿನದು ಸೆಕೆಂಡಿಗೆ ನೂರ ಅರವತ್ತೈದು ಚಿತ್ರ ತೋರಿಸಿತು, ಹದಿನಾರರದು ನೂರ ನಲವತ್ತೆರಡು.

"ಕಣ್ಣಿಗೇನು ವ್ಯತ್ಯಾಸ ಕಾಣತ್ತಾ ಅದು?" ಎಂದಳು ಸ್ಟುಡಿಯೋ ಅಜ್ಜಿ.

"ಆಡೋರಿಗೆ ಗೊತ್ತಾಗತ್ತಮ್ಮ," ಎಂದ ಅಂಗಡಿಯವನು.

ಗುಂಪಿನಲ್ಲಿದ್ದ ಯಾರೋ, ಆಡುತ್ತಿರುವ ಈ ಹೆಂಗಸು ಯಾರೆಂದು ಕೇಳಿದರು. "ನಮ್ಮಜ್ಜಿ," ಎಂದಳು ಚುಕ್ಕಿ. ಆ 'ನಮ್ಮಜ್ಜಿ'ಯಲ್ಲಿದ್ದ ಹೆಮ್ಮೆ ಸ್ಟುಡಿಯೋ ಅಜ್ಜಿಗೆ ಕೇಳಿಸಿತು. ಅವಳೂ ಅಲ್ಲೇ, ಎರಡು ಮಾರು ದೂರದಲ್ಲಿ, ಕೈಚೀಲ ಹಿಡಿದು ನಿಂತಿದ್ದಳು.

ಬೀಗಿತ್ತಿ ಎದ್ದು ಬೆರಳು ಮುರಿದುಕೊಂಡು ಹೇಳಿದಳು: "ಆಟಕ್ಕೆ ಎಂಟರದ್ದೇ ನುಣುಪು. ಆದ್ರೆ ಹದಿನಾರರದ್ದೇ ತಗೊಳ್ಳಿ. ನಮ್ಮದು ಬರೀ ಆಟ, ಬೀಗರದು ಕೆಲಸ."

ಚುಕ್ಕಿ ಒಂದು ಗಳಿಗೆ ಮುಖ ಸಣ್ಣದು ಮಾಡಿ, ಆಮೇಲೆ ತಲೆಯಾಡಿಸಿದಳು. ಹದಿನಾರು ಕೋರಿನದು ಮನೆಗೆ ಬಂತು. ಬೇಕಾದದ್ದೇ ಸಿಕ್ಕರೂ ಸ್ಟುಡಿಯೋ ಅಜ್ಜಿಗೆ ಸಮಾಧಾನವಿಲ್ಲ. ಇದನ್ನು ತಾನು ಗೆದ್ದದ್ದಲ್ಲ, ಆಕೆ ಬಿಟ್ಟುಕೊಟ್ಟದ್ದು. ತನ್ನ ಮನೆಯ ವಸ್ತುವನ್ನು ತನಗೇ ದಾನ ಮಾಡಿ ಹೋದಳಲ್ಲ ಎಂದು ಊಟ ಮಾಡುವಾಗಲೂ ಅದೇ ಕುದಿ.

ಹೊಸ ಯಂತ್ರ ಬಂದ ಎರಡನೇ ವಾರ ಅವಳು ಆ ಕೆಲಸ ಮಾಡಿದಳು. ಬೆಳಿಗ್ಗೆಯೇ ಮುಗಿಸಬಹುದಾದ ಟೇಪುಗಳನ್ನೆಲ್ಲ ಉಳಿಸಿಕೊಂಡು, ಸರಿಯಾಗಿ ಐದೂ ಇಪ್ಪತ್ತೈದಕ್ಕೆ ಒಂದರ ಹಿಂದೆ ಒಂದನ್ನು ಸಾಲಿಗೆ ಹಚ್ಚಿ, ಆ ಕೆಲಸದ ವಿಂಡೋವನ್ನು ಪರದೆಯ ಮೇಲೆ ಕಾಣದಂತೆ ಅಡಗಿಸಿ, "ಕೂತ್ಕೋ ಬಾರೇ," ಎಂದು ಕುರ್ಚಿ ಬಿಟ್ಟುಕೊಟ್ಟಳು. ಯಂತ್ರ ಏದುಸಿರು ಬಿಟ್ಟಿತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಹದಿನಾರು ಕೋರುಗಳೂ ಟೇಪಿನ ಕಡೆ ಜಗ್ಗುತ್ತಿರುವಾಗ ಆಟಕ್ಕೆ ಉಸಿರಿಲ್ಲ. ತಿರುವಿನಲ್ಲಿ ಕಾರು ತಡವರಿಸಿ, ನಿಂತು, ಜಿಗಿದು, ಗೋಡೆಗೆ ಬಡಿಯಿತು. ಚುಕ್ಕಿ ಸೋತಳು. ಮರುದಿನವೂ ಸೋತಳು. ಅಡುಗೆಮನೆಯ ಬಾಗಿಲಲ್ಲಿ ಟವೆಲ್ಲಿನಿಂದ ಕೈ ಒರೆಸುತ್ತ ನಿಂತ ಅಜ್ಜಿಗೆ ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ ಒಂದು ಸಣ್ಣ ಸಿಹಿಯೂ ಇತ್ತು. ಮೂರನೆಯ ದಿನ ಮತ್ತೆ ಹಚ್ಚಿದಳು.

"ಏನಾಗಿದೆಯೇ ಇದಕ್ಕೆ?" ಎಂದು ತಾನೇ ಕೇಳಿದಳು.

ಚುಕ್ಕಿ ಹೆಡ್‌ಫೋನು ಕಳಚಿ ಮೇಜಿನ ಮೇಲಿಟ್ಟು, "ಏನಿಲ್ಲ ಬಿಡು," ಎಂದಳು.

ಮುಂದಿನ ವಾರ ಚುಕ್ಕಿ ಐದು ಗಂಟೆಗೇ ಚಪ್ಪಲಿ ಮೆಟ್ಟಿದಳು. ಬೀಗಿತ್ತಿ ತನ್ನ ಹಳೆಯದನ್ನು ತೆಗೆದುಹಾಕಿ ಆ ಎಂಟು ಕೋರಿನದನ್ನೇ ತಂದಿದ್ದಳಂತೆ. ಆಡಲು ಎರಡನೇ ಪರದೆ, ಮೊಮ್ಮಗಳಿಗೆಂದೇ ಇನ್ನೊಂದು ಕುರ್ಚಿಯನ್ನೂ ತಂದಿದ್ದಳಂತೆ. "ಇನ್ಮೇಲೆ ಅಲ್ಲೇ ಆಡ್ತೀವಿ. ಪಕ್ಕಪಕ್ಕದಲ್ಲೇ ಕೂತು. ನಿನಗೂ ತೊಂದರೆ ಇಲ್ಲ ಅಜ್ಜಿ," ಎಂದು ಹೇಳಿ ಹೋದಳು.

ಮಾಡಿದ್ದುಣ್ಣೋ ಮಹರಾಯ. ಮೊದಲಾದರೆ ಸಂಜೆ ಮೊಮ್ಮಗಳ ಬೆನ್ನಾದರೂ ಕಾಣುತ್ತಿತ್ತು, ಈಗ ಅದೂ ಇಲ್ಲ. ಜೊತೆಗೆ ಈ ಹಾಳು ಯಂತ್ರದ ಚುರುಕು ಬೇರೆ: ಮೊದಲು ದಿನವಿಡೀ ಹಿಡಿಯುತ್ತಿದ್ದ ಕೆಲಸ ಮಧ್ಯಾಹ್ನಕ್ಕೇ ಮುಗಿದು, ಸಂಜೆಗೆ ಅವಳ ಮುಂದೆ ಏನೂ ಉಳಿಯುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತು ಗಡಿಯಾರ ನೋಡುವಳು. ಈಗ ಮೊದಲ ರೇಸು ಮುಗಿದಿರಬೇಕು. ಈಗ ಇಬ್ಬರೂ ನಗುತ್ತಿರಬೇಕು. ಏನು ಹೇಳಿ ನಗಿಸುತ್ತಾಳೋ ಆ ಕ್ರೇನಿನವಳು. "ಅತ್ತೆ, ಒಬ್ರೇ ಯಾಕೆ ಕೂತಿದೀರಾ? ಅಮ್ಮನ ಮನೆಗೆ ನೀವೂ ಹೋಗಿಬನ್ನಿ," ಎಂದು ಸೊಸೆ ಹೇಳಿದರೆ, ಮಂಡಿ ನೋವೆಂದು ಸುಳ್ಳು ಹೇಳಿದಳು.

ತಿಂಗಳು ಕಳೆದಿತ್ತು. ಒಂದು ಭಾನುವಾರ ಚುಕ್ಕಿ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಅಜ್ಜಿಯ ಜೀವ ಅರಳಿತು.

"ಒಂದು ಕೆಲಸ ಆಗ್ಬೇಕು ಅಜ್ಜಿ. ನಮ್ಮ ರೇಸುಗಳನ್ನೆಲ್ಲ ರೆಕಾರ್ಡ್ ಮಾಡಿದೀನಿ. ಗೆದ್ದಿದ್ದನ್ನ ಆರಿಸಿ, ಹತ್ತು ನಿಮಿಷದ ಒಂದು ಸಿನಿಮಾ ಮಾಡ್ಕೊಡ್ತೀಯಾ? ಆ ಅಜ್ಜಿಗೆ ಅರವತ್ತೈದು ತುಂಬತ್ತೆ, ಗುರುವಾರ. ನಿನ್ನಷ್ಟು ಚೆನ್ನಾಗಿ ಯಾರಿಗೂ ಬರಲ್ಲ."

ಉರಿಯುವ ಬೆಂಕಿಗೆ ತುಪ್ಪ. ಆದರೂ 'ನಿನ್ನಷ್ಟು ಚೆನ್ನಾಗಿ' ಎಂಬ ಮಾತಿಗೆ ಅವಳು ಸೋತಳು.

ಮರುದಿನ ಬೆಳಿಗ್ಗೆ, ಎಲ್ಲರೂ ಹೊರಟ ಮೇಲೆ, ಫೈಲುಗಳನ್ನು ತೆರೆದಳು. ಕೆಲಸಕ್ಕೆ ಕೂತರೆ ಅವಳು ಅರೆಬರೆ ಮಾಡುವವಳಲ್ಲ. ಗೆದ್ದದ್ದಷ್ಟೇ ಅಲ್ಲ, ಇದ್ದದ್ದನ್ನೆಲ್ಲ ನೋಡಿದಳು. ಪರದೆಯಲ್ಲಿ ಕಾರುಗಳು, ಕಿವಿಯಲ್ಲಿ ಇಬ್ಬರ ಮಾತು. ತಾನು ಕದ್ದು ಟೇಪು ಹಚ್ಚಿದ್ದ ಆ ವಾರದ ಫೈಲೂ ಅದರಲ್ಲಿತ್ತು. ಕಾರು ತಡವರಿಸಿ ಗೋಡೆಗೆ ಬಡಿಯಿತು. ಬೀಗಿತ್ತಿಯ ಧ್ವನಿ ಕೇಳಿಸಿತು.

"ಪ್ರೊಸೆಸರ್ ತಪ್ಪಲ್ಲ ಕಂದ ಇದು. ಅದರ ತಲೆ ಮೇಲೆ ಬೇರೆ ಏನೋ ಕೆಲಸ ಕೂತಿದೆ."

"ಗೊತ್ತು," ಚುಕ್ಕಿಯ ಧ್ವನಿ, ತಗ್ಗಿಸಿದ್ದು. "ಅಜ್ಜಿ ಸರಿಯಾಗಿ ನಾನು ಕೂರೋ ಹೊತ್ತಿಗೇ ಟೇಪ್ ಹಚ್ತಾಳೆ. ವಿಂಡೋ ಬಚ್ಚಿಟ್ಟಿರ್ತಾಳೆ."

"ಹೇಳಬಾರ್ದಾ ಹಾಗಾದ್ರೆ?"

"ಬೇಡ. ಗೊತ್ತಾಯ್ತು ಅಂದ್ರೆ ನಾಚಿಕೊಂಡುಬಿಡ್ತಾಳೆ ಪಾಪ."

ಅಜ್ಜಿ ಹೆಡ್‌ಫೋನು ತೆಗೆದಳು. ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಕುಂಬಳಕಾಯಿ ಕಳ್ಳನ ಹಾಗೆ ಹಿಂದೆ ತಿರುಗಿ ನೋಡಿದಳು. ಹದಿಮೂರರ ಹುಡುಗಿ ತನ್ನ ಮಾನ ಕಾಯುತ್ತಿದ್ದಳು, ಅದೂ ಬೀಗಿತ್ತಿಯ ಮುಂದೆ. ಆಕೆಯೂ ಒಂದು ತಿಂಗಳಿನಿಂದ ಬಾಯಿ ಬಿಟ್ಟಿರಲಿಲ್ಲ. ಸಾಯಲಿ, ಈಗ ಆಕೆಯ ದೊಡ್ಡತನದ ಮೇಲೂ ಹೊಟ್ಟೆ ಉರಿಯಿತು.

ಸಂಜೆ ಒಗೆದ ಬಟ್ಟೆ ಮಡಚುವಾಗ ಚುಕ್ಕಿ ಒಂದು ತುದಿ ಹಿಡಿದಿದ್ದಳು. ಅಜ್ಜಿ ಹೊದಿಕೆಯ ಈ ತುದಿಯಿಂದ ಹೇಳಿದಳು: "ಆ ವಾರ ಟೇಪು ನಾನು ಬೇಕಂತಲೇ ಹಚ್ಚಿದ್ದು ಕಣೇ."

"ಗೊತ್ತು."

"ಕೋಪ ಬರ್ಲಿಲ್ವಾ?"

"ಬಂತು. ಮೂರು ರೇಸು ಸೋತ್ವಲ್ಲ." ಚುಕ್ಕಿ ಮಡಿಕೆ ಸರಿಮಾಡಿದಳು. "ನನ್ನ ಜೊತೆ ಕೂತ್ಕೋ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು."

ಅಜ್ಜಿ ತನ್ನ ತುದಿಯನ್ನು ತಂದು ಅವಳ ತುದಿಗೆ ಸೇರಿಸಿದಳು. ಅಷ್ಟು ಸುಲಭದ ಮಾತು ಬಾಯಿಗೆ ಬಂದೇ ಇರಲಿಲ್ಲ.

ಸಿನಿಮಾ ಮಾಡಿದಳು, ಮನಸ್ಸಿಟ್ಟೇ ಮಾಡಿದಳು. ಗುರುವಾರ ಬೀಗಿತ್ತಿಯ ಮನೆಯಲ್ಲಿ ಅದನ್ನು ಹಾಕಿದಾಗ ಬೀಗಿತ್ತಿ ಕನ್ನಡಕ ತೆಗೆದು ಒರೆಸಿಕೊಂಡಳು. ಎಲ್ಲರೂ ಕೇಕಿನ ತಟ್ಟೆ ಹಿಡಿದು ಮಹಡಿಯ ಮೇಲೆ ಹೋದ ಮೇಲೆ, ಇಬ್ಬರು ಅಜ್ಜಿಯರೂ ಆ ಎರಡು ಕುರ್ಚಿಗಳಲ್ಲಿ ಉಳಿದರು.

"ಬೀಗ್ರೇ, ನೀವು ದೊಡ್ಡೋರು," ಎಂದಳು ಸ್ಟುಡಿಯೋ ಅಜ್ಜಿ. "ನಾನು ಮಾಡಿದ್ದು ಗೊತ್ತಿದ್ರೂ ಯಾರ ಹತ್ರನೂ ಆಡ್ಲಿಲ್ಲ."

ಬೀಗಿತ್ತಿ ಕೀಬೋರ್ಡಿನ ಧೂಳು ಬೆರಳಿನಿಂದ ಒರೆಸಿದಳು.

"ದೊಡ್ಡೋಳು ಅಂತೆಲ್ಲ ಅನ್ಬೇಡಿ. ಒಂದು ಮಾತು ನಿಮಗೆ ಹೇಳಿದ್ರೆ ಮುಗೀತಿತ್ತು. ನೀವು ನಿಲ್ಲಿಸ್ತಿದ್ರಿ, ಮಗು ನಿಮ್ಮನೇಲೇ ಆಡ್ಕೊಂಡಿರ್ತಿತ್ತು. ಅದು ಗೊತ್ತಿದ್ದೇ ಸುಮ್ಮನಿದ್ದೆ." ಗೋದಾಮಿನ ಸದ್ದಿನಲ್ಲಿ ಗಟ್ಟಿಯಾದ ಅವಳ ಧ್ವನಿ ಇಳಿಯಿತು. "ರೇಸಿನ ಮಧ್ಯದಲ್ಲೂ ಅವಳ ಬಾಯಲ್ಲಿ ನಿಮ್ಮದೇ ಮಾತು. ಅಜ್ಜಿ ಬಣ್ಣ ಹೀಗೆ ತೆಗೀತಾಳೆ, ಅಜ್ಜಿ ಸತ್ತೋರನ್ನ ಹೀಗೆ ನಗಿಸ್ತಾಳೆ. ಹದಿಮೂರು ವರ್ಷ ನಿಮ್ಮ ಕೈಯಲ್ಲಿ ಬೆಳೆದ ಮಗು. ನಂದು ಕ್ರೇನಿನ ಪಾಳಿ, ಅವಳು ನಡೆಯೋದು ಕಲಿತದ್ದನ್ನೂ ನಾನು ನೋಡ್ಲಿಲ್ಲ. ಒಳ್ಳೇ ಅವಕಾಶ ಸಿಕ್ತು ಅಂತ ಈ ಯಂತ್ರ ತಂದೆ, ಆ ಕುರ್ಚಿ ತಂದೆ."

ಸ್ಟುಡಿಯೋ ಅಜ್ಜಿ ಆಕೆಯನ್ನು ನೋಡಿದಳು. ಕೋಪ ಬರಬೇಕಿತ್ತು, ಬಂದದ್ದು ನಿರಾಳ. ಈಕೆಯೂ ತನ್ನಂಥವಳೇ.

"ಹಾಗಾದ್ರೆ ನಾನೊಬ್ಬಳೇ ಸಣ್ಣವಳಲ್ಲ," ಎಂದಳು.

"ಇಲ್ಲ ಬಿಡಿ. ಸಾಕಷ್ಟು ಜೊತೆ ಇದೆ ನಿಮಗೆ," ಎಂದಳು ಬೀಗಿತ್ತಿ. ಇಬ್ಬರೂ ನಕ್ಕರು. ಆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ, ಯಾಕೆಂದರೆ ಯಾವ ದಿನ ಯಾರ ಮನೆಯಲ್ಲಿ ಎಂದು ಹಂಚುವಾಗ ಮತ್ತೆ ಎಳೆದಾಟವಾಯಿತು. ಕೊನೆಗೆ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ, ಭಾನುವಾರ ಚುಕ್ಕಿಗೆ ಬಿಟ್ಟದ್ದು ಎಂದು ಚುಕ್ಕಿಯೇ ಮಹಡಿಯಿಂದ ಇಳಿದು ಬಂದು ತೀರ್ಮಾನ ಮಾಡಿದಳು.

ಮುಂದಿನ ಸೋಮವಾರ ಸ್ಟುಡಿಯೋ ಅಜ್ಜಿಯ ಯಂತ್ರದಲ್ಲಿ ಒಂದು ಟೇಪೂ ಓಡುತ್ತಿರಲಿಲ್ಲ. ಚುಕ್ಕಿ ಆಟಕ್ಕೆ ಕೂತಳು. ಎರಡು ಬೀದಿ ಆಚೆ ಬೀಗಿತ್ತಿಯೂ ಕೂತಿದ್ದಳು. ಹೆಡ್‌ಫೋನಿನಲ್ಲಿ ಏನು ಕೇಳಿಸಿತೋ, ಚುಕ್ಕಿ ನಕ್ಕಳು. ಅಡುಗೆಮನೆಗೆ ಹೋಗುವ ಬದಲು ಅಜ್ಜಿ ಸ್ಟೂಲು ಎಳೆದುಕೊಂಡಳು.

"ನಿಂದು ಯಾವ ಗಾಡಿಯೇ?"

"ನೀಲಿ."

"ಅವಳದು?"

"ಮುಂದೆ ಹೋಗ್ತಿದೆಯಲ್ಲ, ಕೆಂಪು."

ಅಜ್ಜಿ ಕೆಂಪು ಕಾರನ್ನೇ ದಿಟ್ಟಿಸಿದಳು. ಅದು ತಿರುವನ್ನು ಬೆಣ್ಣೆಯಿಂದ ಕೂದಲು ಎಳೆದ ಹಾಗೆ ದಾಟಿ ಹೋಯಿತು.

"ಹಿಡಿಯೇ ಅದನ್ನ," ಎಂದಳು.

"ಅಜ್ಜಿ, ನಾವಿಬ್ರೂ ಒಂದೇ ತಂಡ."

"ಇರಲಿ. ಆದ್ರೂ ಹಿಡಿ."