ದಾಟಬಾರದ ಗೋಡೆ

ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿಗೆ ಒಂಬತ್ತನೇ ಬಾವುಟ ಕಟ್ಟಿ ಮುಗಿಸಿ, ಹಂಸ ಅದರ ಬುಡದಲ್ಲಿ ಪುಟ್ಟ ಪೆಟ್ಟಿಗೆಯೊಂದನ್ನು ಸರಪಳಿಯಿಂದ ಬಿಗಿಯುತ್ತಿದ್ದಳು. ಓಟಗಾರರು ಬೆರಳಿಗೆ ಸಿಕ್ಕಿಸಿಕೊಂಡ ಚಿಪ್ ಅನ್ನು ಈ ಪೆಟ್ಟಿಗೆಗೆ ತಾಗಿಸಬೇಕು. ಕೀಂ ಎಂದರೆ ಬಂದು ಹೋದ ಗಳಿಗೆ ದಾಖಲಾಯಿತೆಂದು ಲೆಕ್ಕ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ನಕ್ಷೆ. ಅದರಲ್ಲಿ ಗುರುತು ಮಾಡಿದ ಜಾಗಗಳನ್ನು ಒಂದರ ನಂತರ ಒಂದರಂತೆ ಮುಟ್ಟಿ ಬರಬೇಕು. ನಡುವಿನ ದಾರಿ ಅವರವರ ಆಯ್ಕೆ. ಕಬ್ಬನ್ ಪಾರ್ಕಿನಲ್ಲಿ, ಕಾಲೇಜುಗಳ ಆವರಣಗಳಲ್ಲಿ ಎಷ್ಟೋ ಸಲ ನಡೆಸಿದ್ದ ಸ್ಪರ್ಧೆಯನ್ನು ಈ ಸಲ ಹಂಸ ಮಹದೇವಪುರದ ಹಳೇ ಊರಿನ ಓಣಿಗಳಿಗೆ ತಂದಿದ್ದಳು. ಅದು ಅವಳು ಸೊಸೆಯಾಗಿ ಬಂದ ಊರು. ಟ್ಯಾಂಕ್ ನಿಂತಿದ್ದ ಈ ವಠಾರ ಅವಳ ಮೈದುನ ಮುನೀಂದ್ರನದು.

"ಇಷ್ಟು ನಸುಕಿನ್ಯಾಗ ಬಂದೀರಿ, ಅಕ್ಕಾರ."

ನಲ್ಲಿಯ ಹತ್ತಿರ ಕಾವೇರಿ ಕೊಡ ಹಿಡಿದು ನಿಂತಿದ್ದಳು. ಯಾದಗಿರಿ ಕಡೆಯ ಹುಡುಗಿ, ಕೊನೇ ಸಾಲಿನ ರೂಮಿನ ಬಾಡಿಗೆಯವಳು.

"ನಿನ್ನ ಗಂಡ?" ಹಂಸ ಮೆಲ್ಲಗೆ ಕೇಳಿದಳು.

"ಓನರ್ ಕರದಾರ್ರಿ. ಶಾಲಿ ಮೈದಾನದಾಗ ನೀರಿನ ಕ್ಯಾನ್ ಹೊರಾಕ ಹೋಗ್ಯಾನ. ಮಧ್ಯಾಹ್ನದ ತನ ಬರಾಂಗಿಲ್ಲ." ಕಾವೇರಿ ಸುತ್ತ ನೋಡಿದಳು. "ಇವತ್ತೊಂದು ಗಂಟು ಒಯ್ದು ಇಟ್ಟು ಬರ್ತೀನ್ರಿ. ಅಂವ ಬರೂದ್ರಾಗ ವಾಪಸ್ ಇರ್ತೀನಿ. ನಾಳೆ ಅಂವ ಕೆಲಸಕ್ಕ ಹೋದ ಮ್ಯಾಲ ಹೊಂಟ್ಬಿಡ್ತೀನಿ. ಆಮ್ಯಾಲ ಈ ಕಡೆ ಮುಖಾನೂ ಹಾಕಾಂಗಿಲ್ಲ."

"ಇವತ್ತು ಬೇಡ ಕಾವೇರಿ. ಜನ ಓಡಾಡ್ತಿರ್ತಾರೆ."

"ಜನ ಇದ್ದಾಗ ಯಾರ ನೋಡ್ತಾರ್ರಿ ನನ್ನ?" ಎಂದು ನಕ್ಕು ಕೊಡ ಎತ್ತಿಕೊಂಡಳು. ಎಡಗೈಯ ಮುರಿದಿದ್ದ ಮಣಿಕಟ್ಟು ಒಂದು ಬದಿಗೆ ವಾಲಿಕೊಂಡೇ ಕೂಡಿತ್ತು. ಕೊಡವನ್ನು ಬಲಗೈಯೇ ಹೊತ್ತಿತು.

ಆ ಕೈಗೆ ಪಟ್ಟಿ ಹಾಕಿದ್ದ ದಿನಗಳಲ್ಲೇ ಹಂಸ ಅವಳನ್ನು ಮೊದಲು ಕಂಡದ್ದು. ನಕ್ಷೆ ಬರೆಯಲು ಕಾಗದ ಸಿಕ್ಕಿಸಿದ ಹಲಗೆ ಹಿಡಿದು ಓಣಿ ಓಣಿ ಅಲೆಯುತ್ತಿದ್ದ ಕಾಲ. ಹಲಗೆ ಹಿಡಿದು ಗೋಡೆ ನೋಡುತ್ತ ನಿಂತ ಹೆಂಗಸನ್ನು ಎಲ್ಲಿಗೆ ಹೊರಟೆ, ಯಾಕೆ ಹೊರಟೆ ಎಂದು ಯಾರೂ ಕೇಳುವುದಿಲ್ಲವೆಂಬುದನ್ನು ಹಂಸ ಬಹಳ ಹಿಂದೆಯೇ ಕಂಡುಕೊಂಡಿದ್ದಳು. ಮದುವೆಯಾದ ಹೊಸತರಲ್ಲಿ ಅಂಗಡಿಗೆ ಹೋಗಲೂ ಯಾರನ್ನಾದರೂ ಜೊತೆಗೆ ಕಟ್ಟಿಕೊಳ್ಳಬೇಕಿದ್ದವಳಿಗೆ ಈ ಆಟ ಯಾಕೆ ಹಿಡಿಸಿತೆಂದು ಮನೆಯಲ್ಲಿ ಯಾರೂ ವಿಚಾರಿಸಿರಲಿಲ್ಲ, ಅವಳೂ ಹೇಳಿರಲಿಲ್ಲ.

ವಠಾರದ ಹಿಂದಿನ ಗೋಡೆ ಹಿಂದೊಮ್ಮೆ ಮಳೆನೀರು ನುಗ್ಗಿದಾಗ ಒಂದು ಮೂಲೆಯಲ್ಲಿ ಕುಸಿದಿತ್ತು. ಮೇಲೆ ನೀಲಿ ಟಾರ್ಪಾಲು ಇಳಿಬಿದ್ದು ಸಂದಿ ಕಾಣುತ್ತಿರಲಿಲ್ಲ. ಹಂಸ ಅದನ್ನು ಸರಿಸಿದಾಗ ಆಚೆ ಕಡೆಯಿಂದ ಒಳಗೆ ನುಸುಳುತ್ತಿದ್ದ ಕಾವೇರಿ ಎದುರಾಗಿದ್ದಳು. ಇಬ್ಬರೂ ಬೆಚ್ಚಿದ್ದರು.

"ಇದನ್ನ ನಿಮ್ಮ ಕಾಗದದಾಗ ಬರೀಬ್ಯಾಡ್ರಿ, ಅಕ್ಕಾರ. ಕೆ.ಆರ್.ಪುರದಾಗ ನಮ್ಮೂರಾಕಿ ಒಬ್ಬಾಕಿ ಇದ್ದಾಳ. ಅಕಿ ಕಡೆ ಒಂದೊಂದ ಸೀರಿ-ಅರಿವಿ ಒಯ್ದು ಇಡಾಕತ್ತೀನಿ. ಒಮ್ಮೆಗೇ ಹೊಂಟ್ರ ಗೇಟಿನ್ಯಾಗ ಕಾಣ್ತದ."

ಗೇಟಿನ ಮೇಲೆ ಮುನೀಂದ್ರ ಕ್ಯಾಮೆರಾ ಹಾಕಿಸಿದ್ದ. ಬಾಡಿಗೆಗಿದ್ದ ಗಂಡಸರು ಕೇಳಿದರೆ, ಅವರ ಮನೆಯವರು ಯಾವಾಗ ಹೊರಬಿದ್ದರು, ಯಾವಾಗ ಬಂದರು ಎಂದು ಫೋನಿನಲ್ಲಿ ತೋರಿಸುತ್ತಿದ್ದ. ಅದೊಂದು ಸೌಕರ್ಯ ಎಂದೇ ಅವನು ತಿಳಿದಿದ್ದ. ಗಂಡ ಕಾವೇರಿಯ ಕೈ ಮುರಿದ ಮಾತು ಬಂದಾಗ, "ಗಂಡ ಹೆಂಡ್ತಿ ವಿಷ್ಯ ಅತ್ತಿಗೆ, ನಾವ್ ನಡುವೆ ಹೋಗ್ಬಾರ್ದು" ಎಂದವನೂ ಅವನೇ.

ಅದಾದ ಮೇಲೆ ಒಂದು ದಿನ ತಿಂಡಿಯ ಹೊತ್ತಿನಲ್ಲಿ ಅವನು ನಗುತ್ತ ಹೇಳಿದ: "ಆ ಕಾವೇರಿ ಗಂಡ ಶರಣಬಸವ ಬಂದಿದ್ದ. ಹೆಂಡ್ತೀನ ಯಾರೋ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಲ್ಲಿ ನೋಡಿದ್ರಂತೆ. ಕ್ಯಾಮೆರಾ ಎಲ್ಲಾ ತಿರುಗ್ಸಿ ನೋಡ್ದೆ, ಗೇಟೇ ದಾಟಿಲ್ಲ. ರೆಕ್ಕೆ ಬಂದಿರ್ಬೇಕು ಬಿಡು ಗುರು ಅಂದೆ."

"ಎಲ್ಲೆಲ್ಲಿ ಏನೈತೆ ಅಂತ ನಿಮ್ಮತ್ತಿಗೇನ ಕೇಳು," ಎಂದರು ಅತ್ತೆ ಮುನಿಶಾಮಮ್ಮ, ಮುದ್ದೆ ಮುರಿಯುತ್ತ. "ಈ ವಯಸ್ನಾಗೆ ಬೀದಿ ಅಳ್ಕೊಂಡ್ ತಿರುಗ್ತಾಳಲ್ಲ."

"ಹೌದಲ್ವಾ. ಮ್ಯಾಪ್ ಪ್ರಿಂಟಾದ್ಮೇಲೆ ನಂಗೂ ಒಂದು ಕೊಡಿ ಅತ್ತಿಗೆ."

ಅಂದೇ ಹಂಸ ಕಂಪ್ಯೂಟರಿನ ಮುಂದೆ ಕೂತು ಸಂದಿಯನ್ನು ಅಳಿಸಿ, ಅದರ ಮೇಲೆ ದಪ್ಪ ಕಪ್ಪು ಗೆರೆ ಎಳೆದಳು. ಈ ಆಟದಲ್ಲಿ ದಪ್ಪ ಗೆರೆಯ ಗೋಡೆಯನ್ನು ದಾಟಲು ಸಾಧ್ಯವಿದ್ದರೂ ದಾಟಬಾರದು, ದಾಟಿದವರು ಅನರ್ಹರು. ಸುಳ್ಳು ನಕ್ಷೆ ಬರೆಯುವುದಕ್ಕಿಂತ ದೊಡ್ಡ ತಪ್ಪು ಈ ಕೆಲಸದಲ್ಲಿ ಇನ್ನೊಂದಿಲ್ಲ. ಅಷ್ಟನ್ನು ಮಾಡಿದವಳು ಇನ್ನೂ ಒಂದನ್ನು ಮಾಡಬಹುದಿತ್ತು: ಓಟವನ್ನೇ ಆ ವಠಾರದಿಂದ ದೂರ ಒಯ್ಯಬಹುದಿತ್ತು. ಆದರೆ ಟ್ಯಾಂಕಿನಿಂದ ಗೋಡೆಯಾಚೆಯ ಹತ್ತನೇ ಬಾವುಟಕ್ಕೆ ಹೋಗುವ ದಾರಿ ಅವಳಿಗೆ ತುಂಬ ಪ್ರಿಯವಾಗಿತ್ತು. ಬಾವುಟ ಗೋಡೆಯಾಚೆಗೇ ಇದೆ, ಮುಟ್ಟಲು ಮಾತ್ರ ಗೇಟಿನಿಂದ ಹೊರಬಿದ್ದು ಇಡೀ ಊರು ಸುತ್ತಬೇಕು. ಅಂಥ ತಿರುವು ದಿನಾ ಸಿಗುವುದಿಲ್ಲ. ಅದನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಸ್ಪರ್ಧೆಯನ್ನು ಪರಿಶೀಲಿಸಲು ಕಾಕ್ಸ್ ಟೌನಿನಿಂದ ಬಂದ ರಯಾನ್, "ಇಲ್ಲಿ ಸಂದಿ ಇದೆಯಲ್ಲ ಹಂಸ" ಎಂದಾಗ, "ಓಟದ ದಿನದೊಳಗೆ ಮುಚ್ತಾರಂತೆ" ಎಂದು ಹೇಳಿ ಅವನನ್ನೂ ಒಪ್ಪಿಸಿದ್ದಳು.

ಓಟ ಶುರುವಾಯಿತು. ಶಾಲೆಯ ಮೈದಾನದ ಶಾಮಿಯಾನದ ಕೆಳಗೆ ರಯಾನ್ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಓಡಿ ಬಂದವರು ಚಿಪ್ ಇಟ್ಟರೆ ಯಾವ ಬಾವುಟದಿಂದ ಯಾವುದಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಪರದೆಯ ಮೇಲೆ ಬರುತ್ತಿತ್ತು. ಇಡ್ಲಿ ಪಾತ್ರೆಗಳ ಬಳಿ ಮುನೀಂದ್ರ ನಗುನಗುತ್ತ ಎಲ್ಲರನ್ನೂ ಉಪಚರಿಸುತ್ತಿದ್ದ. ಶರಣಬಸವ ನೀರಿನ ಕ್ಯಾನು ಹೊತ್ತು ಬಂದು ಹಂಸಳ ಪಕ್ಕದಲ್ಲೇ ಇಳಿಸಿದ. ಸಣ್ಣ ಆಳು, ತಗ್ಗಿಸಿದ ತಲೆ. "ನೀರ್ ಕುಡೀರಿ ಮೇಡಮ್ಮಾರ" ಎಂದು ಲೋಟ ಕೊಟ್ಟ. ಹಂಸ ಅದನ್ನು ಕುಡಿಯದೆ ಮೇಜಿನ ಮೇಲಿಟ್ಟಳು.

ಶಿವಾಜಿನಗರದ ಗುಲ್ಷನ್ ಎಂಬ ಕಾಲೇಜು ಹುಡುಗಿ ಬೆವರೊರೆಸುತ್ತ ಬಂದು ಚಿಪ್ ಇಟ್ಟಳು. ರಯಾನ್ ಪರದೆ ನೋಡಿ ಹುಬ್ಬು ಗಂಟಿಕ್ಕಿದ.

"ಹಂಸ, ಇಲ್ಲಿ ನೋಡು. ಒಂಬತ್ತರಿಂದ ಹತ್ತಕ್ಕೆ ಇಷ್ಟು ಬೇಗ ಹೋಗೋಕೆ ಚಾನ್ಸೇ ಇಲ್ಲ. ಏನಮ್ಮಾ, ಹಾರಿದ್ಯಾ?"

"ಇಲ್ಲ ಅಂಕಲ್, ಓಪನ್ ಇತ್ತು. ಒಬ್ರು ಅಕ್ಕ ಬ್ಯಾಗ್ ಹಿಡ್ಕೊಂಡು ನೀಲಿ ಟಾರ್ಪಾಲ್ ಎತ್ತಿ ಆ ಕಡೆ ಹೋದ್ರು. ದಾರಿ ಇದೆ ಅಂತ ಹಿಂದೇನೇ ಹೋದೆ. ಮ್ಯಾಪೇ ರಾಂಗ್ ಇದೆ. ನಾನ್ ಚೀಟಿಂಗ್ ಮಾಡಿಲ್ಲ."

"ಅದನ್ನ ಮುಚ್ತಾರೆ ಅಂದಿದ್ಯಲ್ಲ ಹಂಸ?" ಎಂದ ರಯಾನ್.

"ಯಾವ್ದನ್ನ ಮುಚ್ತಾರೆ?"

ಮುನೀಂದ್ರ ಟೀ ಲೋಟ ಹಿಡಿದು ಹಿಂದೆ ನಿಂತಿದ್ದ. ಅವನು ಮೇಜಿನ ಮೇಲಿದ್ದ ನಕ್ಷೆಯನ್ನು ಎತ್ತಿಕೊಂಡು, ದಪ್ಪ ಗೆರೆಯ ಮೇಲೆ ಹೆಬ್ಬೆರಳು ಇಟ್ಟು, ಹುಡುಗಿಯ ಕಡೆ ತಿರುಗಿಸಿದ.

"ಇಲ್ಲೇನಮ್ಮಾ?"

"ಹೂಂ ಅಂಕಲ್. ಅಲ್ಲೇ."

"ರೂಲ್ ಪ್ರಕಾರ ಅನರ್ಹ," ಎಂದಳು ಹಂಸ. ತನ್ನ ದನಿ ತನಗೇ ಅಪರಿಚಿತವಾಗಿತ್ತು. "ನಕ್ಷೇಲಿ ಗೋಡೆ ಇದೆ. ದಾಟ್ಬಾರ್ದಿತ್ತು."

ಗುಲ್ಷನ್‌ಳ ಕಣ್ಣು ತುಂಬಿ ಬಂತು. ಚಿಪ್ ಕಳಚಿ ಮೇಜಿನ ಮೇಲಿಟ್ಟು ಹೋದಳು.

ಮುನೀಂದ್ರ ನಕ್ಷೆಯನ್ನು ಮಡಚಿ ಅಂಗಿಯ ಜೇಬಿಗಿಟ್ಟುಕೊಂಡ. "ನಮ್ ಗೋಡೆ. ನಂಗೊಂದ್ ಮಾತು ಹೇಳ್ಲಿಲ್ಲವಲ್ಲ ನೀವು, ಅತ್ತಿಗೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಇರ್ಲಿ. ಮನೇಲಿ ಮಾತಾಡೋಣ."

ಅವನು ಶರಣಬಸವನನ್ನು ಬಳಿಗೆ ಕರೆದು ಹೆಗಲ ಮೇಲೆ ಕೈ ಹಾಕಿದ. ಹಂಸಳಿಗೆ ಪ್ರತಿಯೊಂದು ಮಾತೂ ಕೇಳಿಸಿತು.

"ಕ್ಯಾನ್ ಬಿಡು. ವಠಾರದ ಹಿಂದ್ಗಡೆ ಟಾರ್ಪಾಲ್ ಇದ್ಯಲ್ಲ, ಅದ್ರ ಒಳಗಡೆ ನಿಂತ್ಕೋ. ಹುಡ್ಕೋಕೆ ಹೋಗ್ಬೇಡ. ಅವ್ಳೇ ಬರ್ತಾಳೆ."

ಶರಣಬಸವ ತಲೆಯಾಡಿಸಿದ. ಒದ್ದೆಯಾಗಿದ್ದ ಕೈಗಳನ್ನು ಲುಂಗಿಗೆ ನಿಧಾನವಾಗಿ ಒರೆಸಿಕೊಂಡ, ಊಟಕ್ಕೆ ಕೂರುವವನ ಹಾಗೆ. ಅವಸರವಿಲ್ಲದೆ ಮೈದಾನ ದಾಟಿ ಹೋದ.

ಹಂಸ ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಾವೇರಿಯ ಬಳಿ ಫೋನಿಲ್ಲ. ಅದನ್ನು ಗಂಡ ಕಿತ್ತುಕೊಂಡು ಎಷ್ಟೋ ದಿನವಾಗಿತ್ತು. ವಠಾರಕ್ಕೆ ಓಡಿ ಶರಣಬಸವನೆದುರು ನಿಂತರೆ ಇವತ್ತೊಂದು ಹೊತ್ತು ತಡೆಯಬಹುದು. ಬಾಗಿಲು ಹಾಕಿಕೊಂಡ ಮೇಲೆ ಏನಾಗುತ್ತದೆಂದು ಕಾವೇರಿಯ ಆ ವಾಲಿದ ಕೈ ಹೇಳುತ್ತಿತ್ತು. ಅವಳು ಒಳಗೆ ಕಾಲಿಡುವ ಮೊದಲೇ ಸಿಗಬೇಕು. ಕೆ.ಆರ್.ಪುರದಿಂದ ಬರುವವರು ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಬಸ್ಸು ಬದಲಿಸಲೇಬೇಕು. ಆ ಜನಜಂಗುಳಿಯಲ್ಲಿ ಒಬ್ಬಳನ್ನು ಹುಡುಕಬೇಕು. ನಸುಕಿನಲ್ಲಿ ನಲ್ಲಿಯ ಹತ್ತಿರ ಕಾವೇರಿ ಯಾವ ಸೀರೆ ಉಟ್ಟಿದ್ದಳೆಂದು ನೆನಪು ಮಾಡಿಕೊಂಡಳು. ಕೊಡ, ಕೈ ನೆನಪಾದವು, ಸೀರೆ ಆಗಲಿಲ್ಲ.

"ಹಂಸ, ಪ್ರೈಜ್ ಯಾರ್ ಕೈಲಿ ಕೊಡ್ಸೋದು? ನಿಮ್ಮ ಮೈದುನ ಅವ್ರೇ ಅಲ್ವಾ?" ರಯಾನ್ ಕೇಳಿದ.

"ಹೂಂ. ನೀನೇ ನಡೆಸು," ಎಂದು ಅವಳು ಸ್ಕೂಟರಿನ ಕೀಲಿ ತೆಗೆದುಕೊಂಡಳು. "ಹತ್ತನೇ ಬಾವುಟ ಬಿದ್ದೋಗಿದೆಯಂತೆ. ಸರಿ ಮಾಡ್ಬಿಟ್ಟು ಬರ್ತೀನಿ."

ಕಾವೇರಿ ಇವತ್ತು ವಾಪಸ್ ಬರುವುದಿಲ್ಲ. ರೂಮಿನಲ್ಲಿ ಉಳಿದದ್ದು ಅಲ್ಲೇ ಉಳಿಯಲಿ. ಬಸ್ಸಿನಿಂದ ಇಳಿಯುತ್ತಿದ್ದ ಹಾಗೆ ಸ್ಕೂಟರಿಗೆ ಹತ್ತಿಸಿಕೊಂಡು ಬಂದ ದಾರಿಯಲ್ಲೇ ತಿರುಗಿಸಬೇಕು, ಕೆ.ಆರ್.ಪುರವೂ ಬೇಡವೆನಿಸಿದರೆ ಇನ್ನೂ ಮುಂದೆ. ಸಂಜೆ ಮನೆಯಲ್ಲಿ ಕೇಳುತ್ತಾರೆ. ಕೇಳಲಿ.

ಮೈಕಿನಲ್ಲಿ ಮುನೀಂದ್ರ ಗಂಟಲು ಸರಿಮಾಡಿಕೊಂಡು, "ಇದೆಲ್ಲಾ ನಮ್ಮ ಅತ್ತಿಗೆಯವರ ಶ್ರಮ" ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಹಂಸ ಶಾಲೆಯ ಗೇಟಿನಿಂದ ಹೊರಬಿದ್ದು, ಹೆಲ್ಮೆಟ್ ಹಾಕಿಕೊಂಡು, ಟಿನ್ ಫ್ಯಾಕ್ಟರಿ ಕಡೆಗೆ ಸ್ಕೂಟರ್ ತಿರುಗಿಸಿದಳು.