ಹತ್ತನೇ ವಾರ್ಡಿನ ಟೇಲರಕ್ಕ

ಟೇಲರಕ್ಕ ಬಾಯಿ ತೆರೆಯುವ ಮೊದಲು ಗೆರೆ ಎಳೆಯುತ್ತಿದ್ದಳು. ತೀರಿಹೋದ ಗಂಡನ ಬೂದು ಬಣ್ಣದ ಕಾರ್ಖಾನೆ ಕೋಟು ಅವಳ ಮೈಗೆ ಎರಡು ಅಳತೆ ದೊಡ್ಡದು. ಕಂಡವರ ಬಟ್ಟೆಯನ್ನೆಲ್ಲ ಎರಕ ಹೊಯ್ದಂತೆ ಹೊಲಿದು ಕೊಡುವವಳು ಅದೊಂದಕ್ಕೆ ಮಾತ್ರ ಕತ್ತರಿ ಮುಟ್ಟಿಸಲಿಲ್ಲ. ಅದರ ಬಲಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ. ಜಗಳವಿರಲಿ, ಪಂಚಾಯ್ತಿಯಿರಲಿ, ಮೆಟ್ಟಿಲ ಮೇಲೋ ಗೋಡೆಯ ಮೇಲೋ ಸರ್ರನೆ ಗೆರೆ ಎಳೆದು, "ಇಲ್ಲೀತನಕ ನಂದು, ಅಲ್ಲಿಂದಾಚೆ ನಿಂದು. ತಿಳೀತಾ?" ಅನ್ನುವಳು. ತಿಳಿಯಲಿಲ್ಲ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಹತ್ತನೇ ವಾರ್ಡು ಹುಟ್ಟುವ ಮೊದಲು ನಮ್ಮ ನಾಲ್ಕಾರು ಬೀದಿಗಳು ಒಂದು ದೊಡ್ಡ ವಾರ್ಡಿನ ಬಾಲ. ತಲೆಗೆ ಹೊಯ್ದ ನೀರು ಬಾಲಕ್ಕೆ ಇಳಿಯುವುದುಂಟೇ? ನಲ್ಲಿ ತಿರುಗಿಸಿದರೆ ಗಾಳಿ ಬುಸುಗುಡುತ್ತಿತ್ತು. ವೋಟಿಗೆ ಕೈಮುಗಿದು ಬಂದ ಮೆಂಬರು ಗೆದ್ದ ಮೇಲೆ "ಆ ಕಡೆ ರಸ್ತೆ ಸರಿಯಿಲ್ಲ" ಎಂದು ಬರುವುದನ್ನೇ ಬಿಟ್ಟ. ರಸ್ತೆ ಮಾಡಿಸಬೇಕಾದವನು ತಾನೇ ಎಂಬುದು ಆ ಮಹಾನುಭಾವನಿಗೆ ಕೊನೆಯವರೆಗೂ ಹೊಳೆಯಲಿಲ್ಲ. ನಾವೆಲ್ಲ ಖಾಲಿ ಬಕೀಟು ಬಡಿಯುತ್ತ ಪುರಸಭೆಯ ಬಾಗಿಲಿಗೆ ಅಡ್ಡ ಕೂತದ್ದು ಆಗಲೇ. ಲಾಠಿ ಬಿತ್ತು. ಮೊದಲ ಸಾಲಿನಲ್ಲಿದ್ದ ಟೇಲರಕ್ಕನ ಎಡಮಂಡಿ ಅಂದೇ ಹೋಯಿತು. ಅಲ್ಲಿಂದ ಮುಂದೆ ಅವಳ ನಡಿಗೆ, ಒಂದು ಕಾಲು ಗಿಡ್ಡವಾದ ಮೇಜಿನಂತೆ, ಹೆಜ್ಜೆಗೊಮ್ಮೆ ವಾಲಿ ಮತ್ತೆ ನೆಟ್ಟಗಾಗುತ್ತಿತ್ತು. ಆದರೆ ಬೀದಿಗಳಿಗೆ ತಮ್ಮದೇ ವಾರ್ಡು ಬಂತು, ಅವಳೇ ಮೆಂಬರಾದಳು, ನಲ್ಲಿಯಲ್ಲಿ ನೀರು ಬಂತು, ಮೂಲೆಯಲ್ಲಿ ಒಂದು ಸಣ್ಣ ದವಾಖಾನೆ ಎದ್ದಿತು. "ಒಂದು ಮಂಡಿಗೆ ಇಷ್ಟೆಲ್ಲ ಬಂತಲ್ಲ, ಅಗ್ಗವೇ" ಎಂದು ನಗುತ್ತಿದ್ದಳು.

ವಾರ್ಡಿನ ಗಡಿ ಅವಳ ಮನೆಯ ಮುಂದಿನ ಬೀದಿಯ ನಟ್ಟನಡುವೆ ಹಾಯುತ್ತಿತ್ತು. ಈ ಸಾಲಿನ ಮನೆಗಳು ಅವಳ ವಾರ್ಡಿನವು, ಎದುರು ಸಾಲು ಹಳೆಯ ದೊಡ್ಡ ವಾರ್ಡಿನದು. ದಿನಾ ಬೆಳಿಗ್ಗೆ, ಹೊಲದ ಬದು ನೋಡಿಕೊಳ್ಳುವ ಒಕ್ಕಲಿನಂತೆ, ಆ ಗಡಿಗುಂಟ ವಾಲುತ್ತ ನಡೆದು, ಕಸ ಗುಡಿಸುವವಳು ಎಲ್ಲಿಗೆ ಪೊರಕೆ ನಿಲ್ಲಿಸಬೇಕೆಂದು ಗೆರೆ ಎಳೆದು ತೋರಿಸುವಳು.

"ಅಕ್ಕಾ, ಪೊರಕೆಗೆ ಕಣ್ಣಿಲ್ಲ, ಗೆರೆ ಕಾಣ್ಸಲ್ಲ."

"ನಿನಗಿದಾವಲ್ಲ ಎರಡು, ಅವನ್ನ ಯಾತಕ್ಕೆ ಇಟ್ಕೊಂಡಿದೀಯ?"

ನಾವೂ ನಕ್ಕೆವು. ನಗಬಾರದಿತ್ತು ಎಂದು ಗೊತ್ತಾಗಿದ್ದು ಆಮೇಲೆ.

ಎದುರು ಸಾಲಿನಲ್ಲಿ ಅವಳ ನಾದಿನಿಯ ಮನೆ, ಗಂಡನ ಒಡಹುಟ್ಟಿದ ತಂಗಿ. ಒಂದು ಮಳೆಗಾಲದಲ್ಲಿ ಆ ಬದಿಯ ಚರಂಡಿ ಕಟ್ಟಿಕೊಂಡು ಕೊಳಕು ನೀರು ಮನೆಗೆ ನುಗ್ಗಿತು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡೇ ಓಡಿ ಬಂದಳು. "ಅತ್ತಿಗೆ, ಮಂಚದ ಕಾಲು ಮುಳುಗ್ತಾ ಇದೆ. ನಿಮ್ಮ ಚರಂಡಿ ಆಳುಗಳನ್ನ ಒಂದು ಗಳಿಗೆ ಕಳಿಸಿ."

ಟೇಲರಕ್ಕನ ಕೈ ಜೇಬಿಗೆ ಹೋಯಿತು. ಹೊಸ್ತಿಲ ಮುಂದೆ ಗೆರೆ ಬಿತ್ತು. "ನಿಮ್ಮ ಮೆಂಬರು ಸತ್ತಿದಾನಾ? ಹೋಗಿ ಅವನ ಬಾಗಿಲು ಬಡಿ. ಇವತ್ತು ನಿನಗೆ ಕಳಿಸಿದ್ರೆ ನಾಳೆ ಆ ಸಾಲೆಲ್ಲ ಇಲ್ಲಿಗೇ ಬರುತ್ತೆ. ಮತ್ತೆ ನಾವು ಬಾಲ ಆಗ್ತೀವಿ. ತಿಳೀತಾ?"

ನಾದಿನಿಗೆ ತಿಳಿಯಿತು. ಚೆನ್ನಾಗಿಯೇ ತಿಳಿಯಿತು. ಹೋಗಿ, ತಾನೇ ಸಲಿಕೆ ಹಿಡಿದು ಚರಂಡಿಗಿಳಿದಳು. ಅಂದಿನಿಂದ ಎರಡು ಮನೆಗೂ ಮಾತಿಲ್ಲ.

ಕೆಲವು ವರ್ಷದ ಮೇಲೆ ವಾರ್ಡುಗಳನ್ನು ಹೊಸದಾಗಿ ವಿಂಗಡಿಸುವ ಕಾಲ ಬಂತು. ಹತ್ತನೆಯದರಲ್ಲಿ ಜನ ಕಡಿಮೆ, ಹಳೆಯದಕ್ಕೇ ಸೇರಿಸಬೇಕು ಎಂದರು. ವಿಚಾರಣೆ ನಡೆಸಬೇಕಿದ್ದ ಅಧಿಕಾರಿ ಕೆಟ್ಟವನಲ್ಲ. "ಒಂದು ದಾರಿ ಇದೆ ತಾಯಿ. ವಿಚಾರಣೆ ದಿನ ಎದುರು ಸಾಲಿನೋರು ಬಂದು ನಾವು ಈ ವಾರ್ಡಿಗೆ ಸೇರ್ತೀವಿ ಅಂದ್ರೆ ಇದು ಉಳಿಯುತ್ತೆ" ಎಂದ. ಟೇಲರಕ್ಕ ಅವನ ಕಚೇರಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಕೈ ಜೇಬಿನಲ್ಲೇ ಇತ್ತು, ಗೆರೆ ಮಾತ್ರ ಬೀಳಲಿಲ್ಲ.

ಮರುದಿನ ಬೀದಿ ದಾಟಿದಳು. ನಾದಿನಿ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ನೀನು ಒಂದು ಮಾತು ಹೇಳಿದ್ರೆ ಈ ಸಾಲೆಲ್ಲ ಬರುತ್ತೆ ಕಣಮ್ಮ. ವಾರ್ಡು ಉಳಿಯುತ್ತೆ."

"ಯಾರ ವಾರ್ಡು ಅತ್ತಿಗೆ? ನಮ್ಮದಲ್ಲ ಅಂತ ನೀವೇ ಗೆರೆ ಎಳೆದು ತೋರಿಸಿದ್ರಿ."

"ಅದು ಬೇರೆ ಮಾತು."

"ಮಂಚದ ಕಾಲಿಗೆ ನೀರು ಬಂದಿದ್ದು ಬೇರೆ ಮಾತು, ನಿಮ್ಮ ಕಾಲಿಗೆ ಬಂದಿದ್ದು ಬೇರೆ ಮಾತು. ಅಲ್ವಾ?" ನಾದಿನಿ ಒದ್ದೆ ಬಟ್ಟೆಯನ್ನು ಛಟೀರನೆ ಕೊಡವಿದಳು. "ಹೋಗಿ ನಿಮ್ಮ ಮೆಂಬರ್ ಬಾಗಿಲು ಬಡೀರಿ. ಸತ್ತಿಲ್ವಲ್ಲ, ಎದುರಿಗೇ ನಿಂತಿದಾರೆ."

ವಿಚಾರಣೆಯ ದಿನ ನಾವು ಗಂಟಲು ಹರಿಯುವ ಹಾಗೆ ಘೋಷಣೆ ಕೂಗಿದೆವು. ಎದುರು ಸಾಲಿನಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಹತ್ತನೇ ವಾರ್ಡು ಹೋಯಿತು. ಹೋಯಿತು ಅಂದರೆ ಎಲ್ಲಿಗೂ ಹೋಗಲಿಲ್ಲ, ಬೀದಿಗಳು ಇದ್ದಲ್ಲೇ ಇವೆ, ದವಾಖಾನೆಯ ಬಾಗಿಲಿಗೆ ಬೀಗ ಬಿದ್ದಿದೆ, ನಲ್ಲಿಗಳು ಮತ್ತೆ ಬುಸುಗುಡುತ್ತಿವೆ. ಈಗ ಎರಡೂ ಸಾಲು ಒಂದೇ ವಾರ್ಡು, ಎರಡೂ ಅದರ ಬಾಲವೇ.

ನೀರಿನ ಟ್ಯಾಂಕರಿನ ಮುಂದೆ ಬಕೀಟು ಹಿಡಿದು ನಿಂತ ಟೇಲರಕ್ಕ ಒಮ್ಮೆ ತನಗೆ ತಾನೇ ಹೇಳಿಕೊಂಡಂತೆ ಹೇಳಿದಳು: "ಬಟ್ಟೆಗೆ ಗೆರೆ ಎಳೆದ ಮೇಲೆ ಗೆರೆ ಮೇಲೇ ಕತ್ತರಿ ಆಡಿಸಬಾರದು. ಹೊಲಿಗೆಗೆ ಅಂತ ಆಚೆ ಎರಡು ಬೆರಳು ಬಿಡಬೇಕು. ಇಲ್ದಿದ್ರೆ ಎರಡು ತುಂಡು ಯಾವತ್ತೂ ಕೂಡಲ್ಲ. ಕಲಿಯೋಕೆ ಕೂತ ಮೊದಲ ದಿನವೇ ಹೇಳಿಕೊಡ್ತಾರೆ ಇದನ್ನ." ಮುಂದೆ ನಿಂತಿದ್ದ ನಾದಿನಿ ತಿರುಗಿ ನೋಡಲಿಲ್ಲ. "ಬಕೀಟು ಸರಿಸಿ ಅತ್ತಿಗೆ, ನೀರು ಬಂತು" ಎಂದಳು, ಅಷ್ಟೆ.

ಹೊಡೆತ ತಿಂದು ಅಂಗೈಯಷ್ಟು ಜಾಗ ಗೆದ್ದ ಮಂದಿ ಹೀಗೇ. ಕಿತ್ತುಕೊಳ್ಳುವವರ ಎದುರು ಬಿಗಿದ ಮುಷ್ಟಿ, ಆಸರೆ ಕೇಳಿ ಬಂದವರ ಎದುರೂ ಬಿಚ್ಚುವುದಿಲ್ಲ; ಬಂದ ಕೈ ಯಾವುದೆಂದು ನಿಂತು ನೋಡುವ ವ್ಯವಧಾನವನ್ನು ಲಾಠಿ ಮಂಡಿಯ ಜೊತೆಗೇ ಮುರಿದುಹಾಕಿರುತ್ತದೆ. ಬೈಯಲು ಬಾಯಿ ಬರುವುದಿಲ್ಲ, ಹೊಗಳಲು ಮನಸ್ಸು ಬರುವುದಿಲ್ಲ. ಇಂಥವರಿಲ್ಲದೆ ಯಾವ ವಾರ್ಡೂ ಹುಟ್ಟುವುದಿಲ್ಲ. ಇಂಥವರ ಹಿಡಿತವೊಂದರಿಂದಲೇ ಅದು ಉಳಿಯುವುದೂ ಇಲ್ಲ.