ಬಾವಿಯೊಳಗಿನ ವಾದ

ನನ್ನ ಕಣ್ಣಾಣೆ, ಇದರಲ್ಲಿ ಒಂದಕ್ಷರವೂ ಕಟ್ಟಿದ್ದಲ್ಲ. ಬಾವಿ ತೋಡುವ ಬಾಮೈದನೂ ಅವನ ಅಕ್ಕನ ಗಂಡನೂ ಮೂವತ್ತು ಅಡಿ ಕೆಳಗಿದ್ದಾಗ ಮೇಲಿನ ಮಣ್ಣು ಕುಸಿಯಿತು. ಗೋಡೆಗೆ ಆನಿಸಿದ್ದ ಹಲಗೆಯೊಂದು ತಲೆಯ ಮೇಲೆ ಅಡ್ಡ ಸಿಕ್ಕಿಕೊಂಡು, ಇಬ್ಬರೂ ಕುಕ್ಕರಗಾಲಿನಲ್ಲಿ ಕೂರುವಷ್ಟು ಜಾಗ ಉಳಿಯಿತು. ಹೂತುಹೋದರೆ ಮಾತಾಡಬಾರದು, ಉಸಿರು ಉಳಿಸಬೇಕು ಎಂಬುದು ಆ ಕಸುಬಿನವರ ಕಟ್ಟಳೆ.

ಭಾವನೇ ಅದನ್ನು ಮುರಿದ. “ನೋಡಿದ್ಯೇನೋ, ಈ ಹಲಗೆ ತಾನಾಗೇ ಅಡ್ಡ ನಿಲ್ಲುತ್ತಾ? ನಿಲ್ಲಿಸೋನು ಒಬ್ಬ ಇದಾನೆ.”

“ಹಲಗೆ ಹಿಡಿಯೋಷ್ಟು ಪುರುಸೊತ್ತಿದ್ದೋನು ಮಣ್ಣನ್ನೇ ಹಿಡೀಬಹುದಿತ್ತಲ್ಲ, ಭಾವ.”

“ನಮ್ಮನ್ನ ಪರೀಕ್ಷೆ ಮಾಡ್ತಿದಾನೆ ಕಣೋ.”

“ಎಲ್ಲಾ ಗೊತ್ತಿರೋನಿಗೆ ಪರೀಕ್ಷೆ ಯಾಕೆ?”

ಉತ್ತರ ಬರಲಿಲ್ಲ. ಬಾಮೈದ ಕತ್ತಲಲ್ಲಿ ತಡಕಿದ. ಭಾವನ ತಲೆ ಎದೆಗೆ ಜೋತುಬಿದ್ದಿತ್ತು. ಗಾಳಿ ಮುಗಿಯುತ್ತಿತ್ತು. ಅಕ್ಕನಿಗೆ ಏನು ಹೇಳುವುದೆಂದು ನೆನೆದು ಭಾವನ ಭುಜ ಹಿಡಿದು ಅಲುಗಿಸಿದ. ಬೇರೆ ಯಾವ ಮಾತಿಗೂ ಭಾವ ಎಚ್ಚರಾಗುವವನಲ್ಲ. ಆದ್ದರಿಂದ ಉಳಿದ ಉಸಿರನ್ನೆಲ್ಲ ಒಟ್ಟುಮಾಡಿ ಅವನ ಕಿವಿಯಲ್ಲಿ “ದೇವರಿಲ್ಲ” ಎಂದು ಕೂಗಿದ.

“ಇದಾನೆ,” ಎಂದು ಭಾವ ಗೊಣಗಿದ. ಮತ್ತೆ ತಲೆ ಜೋತುಬಿತ್ತು. ಬಾಮೈದ ಮತ್ತೆ ಕೂಗಿದ.

ಹೆಣ ತೆಗೆಯಲೆಂದು ಇನ್ನೊಂದು ಮಗ್ಗುಲಲ್ಲಿ ಅಗೆಯುತ್ತಿದ್ದವರು ಆ ಕೂಗು ಕೇಳಿ ಗುದ್ದಲಿಯನ್ನು ಆ ಕಡೆಗೆ ತಿರುಗಿಸಿದರು. ಇಬ್ಬರನ್ನೂ ಮೇಲೆಳೆದಾಗ ಭಾವನ ಕಿವಿಯಿಂದಲೇ ಒಂದು ಬುಟ್ಟಿ ಮಣ್ಣು ಉದುರಿತು.

“ನಿನ್ನ ಉಳಿಸಿದ್ದು ನನ್ನ ಬಾಯಿ,” ಎಂದ ಬಾಮೈದ.

“ಆ ಬಾಯಿ ಕೊಟ್ಟೋನು ಯಾರು?” ಎಂದ ಭಾವ.

ಇವತ್ತಿಗೂ ಅದು ತೀರ್ಮಾನವಾಗಿಲ್ಲ. ಗೆದ್ದವರು ಯಾರೆಂದು ನೀವೇ ಹೇಳಿ. ಹೇಳಲಾಗದಿದ್ದರೆ ಒಂದು ಲೋಟ ಟೀ ತರಿಸಿ. ಅವತ್ತು ಕೂಗಿ ಕೂಗಿ ಒಣಗಿದ ನನ್ನ ಗಂಟಲು ಇನ್ನೂ ಸರಿಹೋಗಿಲ್ಲ.